ಹದಿನೆಂಟು ಅಂಕದ ಅರ್ಜಿ

ಕಾನೂನಿನ ಮುಂದೆ ಎಲ್ಲರೂ ಸಮಾನರು. ಪುಣೆಯಲ್ಲಿ ಬಾಡಿಗೆ ಖೋಲಿ ಹುಡುಕುವವರೆಗೆ ನಾನೂ ಇದನ್ನು ನಂಬಿದ್ದೆ. ಮನೆಯ ಮಾಲಕಿ ಬಾಗಿಲ ಸರಪಳಿ ತೆಗೆಯದೆಯೇ ಕೇಳಿದರು: "ಇಥೇ ಓಳಖೀಚಂ ಕೋಣ್ ಆಹೇ?" ಓಳಖ ಎಂದರೆ ಪರಿಚಯ. ಇಲ್ಲಿ ನಿಮ್ಮನ್ನು ಬಲ್ಲವರು ಯಾರು ಎಂಬುದು ಪ್ರಶ್ನೆ. ಧಾರವಾಡದಲ್ಲಿ ನನ್ನನ್ನು ಬಲ್ಲವರು ಅತಿಯಾದರೆಂದೇ ನಾನು ಊರು ಬಿಟ್ಟದ್ದು. ಇಲ್ಲಿ ಒಬ್ಬರೂ ಇರಲಿಲ್ಲ. ಭೋಸರಿಯ ಕಾರ್ಖಾನೆಯಲ್ಲಿ ಟೈಪಿಸ್ಟನೆಂದು ಮ್ಯಾನೇಜರರ ಚೀಟಿ ತಂದ ಮೇಲೆ ಸರಪಳಿ ಸರಿಯಿತು.

ಅದು ತೊಂಬತ್ತರ ದಶಕದ ಕೊನೆ. ವಕೀಲರ ಕಚೇರಿಗೆ ಸಹಾಯಕರನ್ನು ತಯಾರಿಸುವ, ಪ್ಯಾರಾಲೀಗಲ್ ಎಂಬ ಘನ ಹೆಸರಿನ ಕೋರ್ಸಿಗೆ ಸೇರಿದೆ. ಕಾಲೇಜೊಂದರಲ್ಲಿ ರವಿವಾರ ಕ್ಲಾಸು. ನನ್ನ ಸೋದರಮಾವ ಧಾರವಾಡದ ಸರಕಾರಿ ಕಚೇರಿ ಎದುರಿನ ಬೇವಿನ ಗಿಡದ ಕೆಳಗೆ ಕೂತು ಜೀವಮಾನವಿಡೀ ಮಾಡಿದ್ದು ಇದೇ ಅರ್ಜಿ ಬರೆಯುವ ಕೆಲಸ. ಹೆಬ್ಬೆಟ್ಟಿನ ಮಸಿ ಆರುವ ಮೊದಲೇ ಅರ್ಜಿಯನ್ನು ಕೌಂಟರಿಗೆ ಮುಟ್ಟಿಸುತ್ತಿದ್ದರು. ಇಲ್ಲಿ ಬರೆದದ್ದನ್ನೆಲ್ಲ ಜರ್ನಲ್‌ಗೆ ಅಂಟಿಸಬೇಕು. ಖಾಕಿ ಕಾಗದ ಹೊದ್ದ ಆ ಪರಮಪವಿತ್ರ ನೋಟುಬುಕ್ಕಿಲ್ಲದೆ ಪರೀಕ್ಷೆಯಿಲ್ಲ.

ಪ್ರಾತ್ಯಕ್ಷಿಕೆಗೆಂದು ನಮ್ಮನ್ನು ಯೆರವಡಾದ ಜೈಲಿಗೆ ಕರೆದೊಯ್ದರು. ಕನ್ನಡ ಬರುತ್ತದೆಂದು ಬಸಪ್ಪನನ್ನು ನನಗೆ ಒಪ್ಪಿಸಿದರು. ಸಿಂದಗಿ ಕಡೆಯ ಗೌಂಡಿ, ಗಾರೆ ಕೆಲಸದವ, ಹೊಡೆದಾಟವೊಂದರಲ್ಲಿ ಸಿಕ್ಕಿಬಿದ್ದವ. ಜಾಮೀನು ಮಂಜೂರಾಗಿತ್ತು, ಆದರೆ ಜಾಮೀನು ನಿಲ್ಲಲು ಈ ಊರಿನವರೊಬ್ಬರು ಬೇಕು.

"ನನ್ನ ಗುರ್ತಾ ಹಿಡಿಯೋರು ಇಲ್ಲಿ ಯಾರದಾರ್ರೀ ಸಾಹೇಬ್ರ? ಕೆಲಸಕ್ಕ ಕರಕೊಂಡು ಬಂದ ಮುಕಾದಮ್ ಸೈತ ಹೆಸರು ಕೇಳಲಿಲ್ಲ. ಏ ಕಾನಡೀ ಅಂತಿದ್ದ, ಅಷ್ಟ."

"ಸಾಹೇಬ್ರ ಅನಬ್ಯಾಡೋ. ನಾನೂ ನಿನ್ನಂಗ ಹೊರಗಿನಾಂವ."

"ನೀವು ಹೊರಗಿನವರು ಖರೇರಿ," ಎಂದು ನಕ್ಕ. "ನಾ ಒಳಗದೀನಿ."

ಜಾಮೀನುದಾರರಿಲ್ಲದೆ, ಅವನ ಸ್ವಂತ ಮುಚ್ಚಳಿಕೆಯ ಮೇಲೆಯೇ ಬಿಡಬೇಕೆಂದು ಅರ್ಜಿ ಬರೆದೆ. ಹೆಬ್ಬೆಟ್ಟು ಒತ್ತಿ, "ಯಾವಾಗ ಆಗ್ತದ್ರಿ?" ಎಂದ.

"ಹದಿನೈದು ದಿನ," ಎಂದೆ, ಇಲ್ಲದ ಅಧಿಕಾರದಿಂದ.

ಇದು ಖರೆ ಅರ್ಜಿಯೆಂದು ಜರ್ನಲ್‌ಗೆ ಅಂಟಿಸದೆ, ಅದರ ಜೊತೆ ಬಿಡಿಯಾಗಿ ಬಾಯಿಯವರಿಗೆ ಕೊಟ್ಟೆ. ಬಾಯಿ ಎಂದರೆ ಇಲ್ಲಿ ಶಿಕ್ಷಕಿ. ಅವರು ಸಹಿ ಮಾಡಿ, ಕಾಲೇಜಿನ ದುಂಡನೆಯ ಶಿಕ್ಕಾ ಒತ್ತಿದರು. ಶಿಕ್ಕಾ ಬಿದ್ದ ಕಾಗದ ಕೋರ್ಟಿಗೆ ಹೋಗುತ್ತದೆಂಬುದರಲ್ಲಿ ಬೇವಿನ ಗಿಡದ ಕೆಳಗೆ ಬೆಳೆದವನಿಗೆ ಸಂಶಯ ಬರಲಿಲ್ಲ.

ಎರಡು ತಿಂಗಳ ಮೇಲೆ ಜರ್ನಲ್ ಮರಳಿತು. ನಲವತ್ತೊಂದನೆಯ ಪುಟದಲ್ಲಿ ಬಸಪ್ಪನ ಅರ್ಜಿ, ಹೆಬ್ಬೆಟ್ಟು ಸಮೇತ. ಕಾಲೇಜಿನವರೇ ನೀಟಾಗಿ ಅಂಟಿಸಿದ್ದರು. ಕೆಂಪು ಶಾಯಿಯಲ್ಲಿ ಇಪ್ಪತ್ತಕ್ಕೆ ಹದಿನೆಂಟು.

"ಬಾಯಿ, ಇದು ಕೋರ್ಟಿಗೆ ಹೋಗಲಿಲ್ಲವೆ?" ಎಂದು ನನ್ನ ಹರುಕು ಮರಾಠಿಯಲ್ಲಿ ಕೇಳಿದೆ.

"ಅಹೋ, ಹಾ ಸರಾವ ಹೋತಾ," ಎಂದರು ಸೌಜನ್ಯದಿಂದ. ಸರಾವ ಎಂದರೆ ಅಭ್ಯಾಸ. ಎರಡು ಅಂಕ ಹೋದದ್ದು ಮಾರ್ಜಿನ್ ಸರಿಯಿಲ್ಲದ್ದಕ್ಕೆ, ಎಂದೂ ವಿವರಿಸಿದರು.

ಹೊಸ ಅರ್ಜಿಗೆ ಹೊಸ ಹೆಬ್ಬೆಟ್ಟು ಬೇಕು. ಅದಕ್ಕೆ ಮುಂದಿನ ತಂಡ ಜೈಲಿಗೆ ಹೋಗುವವರೆಗೆ ಕಾಯಬೇಕು. ಆ ಪುಟವನ್ನೇ ಕಿತ್ತು ಯಾರಾದರೂ ವಕೀಲರ ಬಳಿ ಒಯ್ಯಬಹುದಿತ್ತು. ಆದರೆ ಪುಟ ಕಡಿಮೆಯಾದ ಜರ್ನಲ್ ಹಿಡಿದವನನ್ನು ಪರೀಕ್ಷೆಗೆ ಕೂಡಿಸುತ್ತಿರಲಿಲ್ಲ, ಪರೀಕ್ಷೆಗೆ ಒಂದೇ ವಾರವಿತ್ತು. ನಾನು ಕೀಳಲಿಲ್ಲ.

ಈಗ ಧಾರವಾಡಕ್ಕೆ ಹೋದರೆ ಪುಣೆಯವ ಬಂದ ಎನ್ನುತ್ತಾರೆ. ಪುಣೆಯಲ್ಲಿ ನಾನಿನ್ನೂ ಕಾನಡೀ. ಆದರೂ ಖೋಲಿ ಹುಡುಕುವ ನಮ್ಮ ಕಡೆಯವರು ಓಳಖಿಗೆ ನನ್ನ ಹೆಸರು ಕೊಡುತ್ತಾರೆ; ಬಾಗಿಲು ತೆರೆಯುತ್ತದೆ.

ನಾನು ಪ್ರಥಮ ದರ್ಜೆಯಲ್ಲಿ ಪಾಸಾದೆ. ಬಸಪ್ಪ ಮತ್ತೆ ನಾಲ್ಕು ತಿಂಗಳು ಒಳಗಿದ್ದ.