ಟ್ಯಾಂಕಿಗೆ ಕೋಲು ಇಳಿಸುತ್ತಿದ್ದವರು

ಅವರ ನೆರೆಯಲ್ಲಿ ಬೆಳೆದವಳು ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ. ಬೆಳ್ಳಾರೆಯಲ್ಲಿ ನಮ್ಮ ಮನೆಯ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ಕೆಲಸಕ್ಕಿದ್ದ ಅವರು ಪ್ರತಿ ಬೆಳಿಗ್ಗೆ ನೆಲದಡಿಯ ಟ್ಯಾಂಕಿಗೆ ಅಳತೆಯ ಕೋಲು ಇಳಿಸಿ, ಅದು ಒದ್ದೆಯಾದ ಗುರುತನ್ನು ಕನ್ನಡಕ ಏರಿಸಿ ಎರಡೆರಡು ಸಲ ನೋಡುತ್ತಿದ್ದರು. ಯಾರು ಏನು ಕೇಳಿದರೂ, “ಕೋಲು ಹೇಳಿದ್ದನ್ನೇ ನಾನು ಹೇಳುದು” ಎನ್ನುತ್ತಿದ್ದರು.

ಒಂದು ಮಳೆಗಾಲ, ಮಾರಿದ್ದಕ್ಕಿಂತ ಹೆಚ್ಚು ಪೆಟ್ರೋಲ್ ಟ್ಯಾಂಕಿನಿಂದ ಖಾಲಿಯಾಗತೊಡಗಿತು.

“ಬಿಸಿಲಿಗೆ ಆವಿ ಆದದ್ದು ಮಾರಾಯ್ರೆ, ಸುಮ್ಮನಿರಿ” ಎಂದರು ಬಂಕಿನ ಮಾಲಕರು.

“ಆಟಿ ತಿಂಗಳ ಮಳೆಯಲ್ಲಿ ಎಂತ ಬಿಸಿಲು ಧನಿಗಳೇ?” ಎಂದವರೇ ನಮ್ಮ ಬಾವಿಕಟ್ಟೆಗೆ ಬಂದು ಅಮ್ಮನ ಕೊಡ ಹಿಡಿದುಕೊಂಡರು.

“ಕುಡಿಬೇಡಿ ಅಕ್ಕ. ನಮ್ಮ ಟ್ಯಾಂಕ್ ಸೋರ್ತಾ ಉಂಟು, ನಿಮ್ಮ ನೀರಿಗೆ ಸೇರಿರ್ತದೆ.”

“ನಿಮ್ಮ ಕೆಲಸ ಹೋಗುದಿಲ್ವಾ?” ಅಮ್ಮ ಕೇಳಿದರು.

“ಅದು ಆಮೇಲೆ. ಆಚೆ ಮನೆಯವರು ನೀರು ಸೇದುವ ಹೊತ್ತಾಯ್ತು” ಎಂದು ಅವರು ಮಳೆಯಲ್ಲೇ ಓಡಿದರು.