ಜೊತೆ ಸಿಕ್ಕಿದಾಗ ಕಳಿಸ್ತೀವಿ

ಐವತ್ತರ ದಶಕದ ನಡುವಿನ ಒಂದು ಬೇಸಿಗೆ ರಜೆಯಲ್ಲಿ ನಾವು ಸಿಲೋನಿಗೆ ಹೋದೆವು. ಆಗ ನನಗೆ ಒಂಬತ್ತು ವರ್ಷ. ತುಮಕೂರಿನ ನಮ್ಮ ಬೀದಿಯಲ್ಲಿ ಅದಕ್ಕೆ ಮುಂಚೆ ಸಮುದ್ರ ದಾಟಿದವರು ಯಾರೂ ಇರಲಿಲ್ಲ. ಅಪ್ಪನದು ಕೊಬ್ಬರಿ ಮಂಡಿ. ಅಮ್ಮನ ತಂಗಿಯನ್ನು ಕುಣಿಗಲ್ಲಿನ ಮನೆತನಕ್ಕೆ ಕೊಟ್ಟಿದ್ದರು. ಆ ಮನೆಯವರು ಮದರಾಸಿಗೆ ಹೋಗಿ ಬಟ್ಟೆ ವ್ಯಾಪಾರ ಹಿಡಿದು, ಅಲ್ಲಿಂದ ಕೊಲಂಬೋದಲ್ಲೂ ಒಂದು ಅಂಗಡಿ ಹಾಕಿದ್ದರು. ಚಿಕ್ಕಪ್ಪ ಅದನ್ನು ನೋಡಿಕೊಳ್ಳುತ್ತಿದ್ದರು. ಒಂದು ಸಲ ಬಂದು ಹೋಗಿ ಎಂದು ಚಿಕ್ಕಮ್ಮ ಬಹಳ ದಿನದಿಂದ ಕರೆಯುತ್ತಿದ್ದಳು.

ನಮ್ಮ ಮನೆಯಲ್ಲೇ ಇದ್ದು ಕೆಲಸ ಮಾಡುತ್ತಿದ್ದ ಹೆಂಗಸನ್ನು ನಾವು ಅತ್ತೆಮ್ಮ ಎನ್ನುತ್ತಿದ್ದೆವು. ಅವಳು ನೆಂಟಳಲ್ಲ, ನಮ್ಮ ಜಾತಿಯವಳೂ ಅಲ್ಲ. ಊರು ಹಾಗಲವಾಡಿ. ಗಂಡ ಕಾಮಾಲೆಯಲ್ಲಿ ತೀರಿಕೊಂಡ ಮೇಲೆ ಇದ್ದೊಬ್ಬ ಮಗಳನ್ನು ತಮ್ಮನ ಮನೆಯಲ್ಲಿ ಬಿಟ್ಟು ನಮ್ಮಲ್ಲಿಗೆ ಬಂದಿದ್ದಳು. ಆ ಹುಡುಗಿ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಹಬ್ಬಕ್ಕೆಂದು ಒಂದೆರಡು ಸಲ ನಮ್ಮ ಮನೆಗೆ ಬಂದಾಗ ಹಿತ್ತಲಲ್ಲಿ ಅವ್ವನ ಮಗ್ಗುಲಿಗೆ ಅಂಟಿಕೊಂಡೇ ಕೂತಿರುತ್ತಿದ್ದಳು. ನಾವು ಆಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ನನ್ನ ತಮ್ಮ ಆಗ ವರ್ಷದ ಕೂಸು. ಅತ್ತೆಮ್ಮನನ್ನು ಬಿಟ್ಟು ಯಾರ ಹತ್ತಿರವೂ ನಿಲ್ಲುತ್ತಿರಲಿಲ್ಲ. ಅದಕ್ಕಾಗಿ ಅವಳಿಗೂ ಪಾಸ್‌ಪೋರ್ಟ್ ಮಾಡಿಸಿದರು. ಹೊರಡುವ ಮುಂಚೆ ಅವಳು ಗುಬ್ಬಿ ಬಸ್ಸು ಹತ್ತಿ ಊರಿಗೆ ಹೋಗಿ ಮಗಳಿಗೆ ಹೇಳಿ ಬಂದಳು.

"ಏನಂದ್ಲು?" ಎಂದು ಅಮ್ಮ ಕೇಳಿದಳು.

"ಸ್ಕೂಲು ಬಾಗ್ಲು ತೆಗ್ಯೋ ಹೊತ್ಗೆ ಬಂದ್ಬುಡ್ತೀನಿ ಅಂತ ಹೇಳಿವ್ನಿ ಅಮ್ಮಾರೇ. ಸುಮ್ಕಾದ್ಲು."

ಧನುಷ್ಕೋಟಿಯಿಂದ ಹಡಗು. ಅಮ್ಮ ಮಲಗಿಬಿಟ್ಟಳು. ಅತ್ತೆಮ್ಮ ಒಂದು ಕೈಯಲ್ಲಿ ಕಂಬಿ ಹಿಡಿದು ವಾಂತಿ ಮಾಡುತ್ತಾ ಇನ್ನೊಂದು ಕೈಯಲ್ಲಿ ತಮ್ಮನನ್ನು ಸೊಂಟಕ್ಕೆ ಒತ್ತಿಕೊಂಡಿದ್ದಳು. ಸ್ವಲ್ಪ ಸುಧಾರಿಸಿಕೊಂಡ ಮೇಲೆ ನೀರನ್ನೇ ನೋಡುತ್ತಾ, "ಉತ್ತ ಹೊಲ ಇದ್ದಂಗೈತೆ, ಬದುವೇ ಇಲ್ಲ" ಎಂದಳು.

ಕೊಲಂಬೋದಲ್ಲಿ ನಾವು ಸಮುದ್ರದ ದಂಡೆಗೆ ಹೋದೆವು, ಮೃಗಾಲಯ ನೋಡಿದೆವು, ರೈಲಿನಲ್ಲಿ ಕ್ಯಾಂಡಿಗೆ ಹೋಗಿ ಬಂದೆವು. ಎಲ್ಲ ಕಡೆಯೂ ಅತ್ತೆಮ್ಮ ಮಗುವನ್ನೆತ್ತಿಕೊಂಡು ನಮ್ಮ ಹಿಂದೆ ಬರುತ್ತಿದ್ದಳು. ಚಿಕ್ಕಮ್ಮ ಆಗ ಏಳು ತಿಂಗಳ ಬಸುರಿ. ಹಿಂದೆ ಎರಡು ಸಲ ಹೊಟ್ಟೆಯಲ್ಲೇ ಮಗು ಹೋಗಿ, ಮೂರನೆಯದು ಎಂದರೆ ಅವಳಿಗೆ ಪ್ರಾಣಭಯ. ಆ ಊರಿನಲ್ಲಿ ಅವಳಿಗೆ ನಮ್ಮ ಭಾಷೆ ಆಡುವ ಹೆಂಗಸೇ ಇರಲಿಲ್ಲ. ಅತ್ತೆಮ್ಮ ಮಾಡಿದ ಮುದ್ದೆ, ಬಸ್ಸಾರು ಉಂಡು, ಅವಳ ಕೈಯಲ್ಲಿ ಕಾಲು ಒತ್ತಿಸಿಕೊಂಡು, "ಎಷ್ಟೋ ದಿನ ಆದ್ಮೇಲೆ ಇವತ್ತು ನಿದ್ದೆ ಬಂತು ಕಣಕ್ಕ" ಎಂದು ಅಮ್ಮನ ಮುಂದೆ ಅತ್ತಳು.

ವಾಪಸು ಹೊರಡುವ ಹಿಂದಿನ ದಿನ ಅಮ್ಮ ಅಡಿಗೆಮನೆಗೆ ಹೋದಳು. ನಾನು ಬಾಗಿಲ ಹತ್ತಿರ ಕೂತಿದ್ದೆ.

"ನೀನು ಇವಳ ಬಾಣಂತನ ಮುಗಿಸ್ಕೊಂಡು ಬಾ" ಎಂದಳು ಅಮ್ಮ. "ಮೂರು ತಿಂಗಳು ಅಷ್ಟೆ. ಆಮೇಲೆ ಜೊತೆ ಸಿಕ್ಕಿದಾಗ ಕಳಿಸ್ತಾರೆ."

ಅತ್ತೆಮ್ಮ ಮೊರದಿಂದ ತಲೆಯೆತ್ತಿದಳು. "ಒಂದು ತಿಂಗ್ಳು ಅಂದಿದ್ರಲ್ಲ ಅಮ್ಮಾರೇ. ಆ ಮಗು ದಾರಿ ಕಾಯ್ತಾ ಅದೆ."

"ಅವಳೇನು ಬೀದೀಲಿದಾಳಾ? ನಿನ್ನ ತಮ್ಮನ ಮನೇಲಿದಾಳೆ."

ಅತ್ತೆಮ್ಮ ಎದ್ದು ನಡುಮನೆಗೆ ಬಂದು ಅಪ್ಪನ ಮುಂದೆ ನಿಂತಳು. ಅಪ್ಪನ ಎದುರು ಅವಳು ಹಾಗೆ ಬಂದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. "ಬುದ್ಧಿ, ನೀವಾದ್ರೂ ಹೇಳಿ" ಎಂದಳು. ಅಪ್ಪ ಚಿಕ್ಕಪ್ಪನ ಮುಖ ನೋಡಿ, ಆಮೇಲೆ, "ನಿನ್ನ ಮಗಳಿಗೆ ನಾನೇ ಹೇಳಿ ಕಳಿಸ್ತೀನಿ. ನೀನು ಯೋಚ್ನೆ ಮಾಡ್ಬೇಡ" ಎಂದರು. ಅವಳು ಒಳಗೆ ಹೋಗಿ ಅಕ್ಕಿ ಹಸನು ಮಾಡುವುದನ್ನು ಮುಂದುವರಿಸಿದಳು.

ಸ್ಟೇಷನ್ನಿನಲ್ಲಿ ತಮ್ಮನನ್ನು ಕಿಟಕಿಯಿಂದ ಅಮ್ಮನ ಕೈಗೆ ಕೊಟ್ಟಳು. ಅವನು ಅವಳ ಸೆರಗು ಹಿಡಿದುಕೊಂಡಿದ್ದ, ಬೆರಳು ಬಿಡಿಸಬೇಕಾಯಿತು. ರೈಲು ಬಿಟ್ಟಾಗ ಅವಳು ಕೈ ಎತ್ತಲಿಲ್ಲ.

ಸ್ಕೂಲು ಶುರುವಾದ ಮೇಲೆ ಅತ್ತೆಮ್ಮನ ತಮ್ಮ ಆ ಹುಡುಗಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಅವಳು ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆಸಿಕೊಂಡಿದ್ದಳು. ಒಳಗೆ ಇಣುಕಿ, "ನಮ್ಮವ್ವ ಹಿತ್ಲಾಗವ್ಳಾ?" ಎಂದು ನನ್ನನ್ನು ಕೇಳಿದಳು. ಅಪ್ಪ ಹೇಳಿ ಕಳಿಸಿದ ಮಾತು ಅವರಿಗೆ ಮುಟ್ಟಿರಲಿಲ್ಲವೋ, ಅಪ್ಪ ಹೇಳಿಯೇ ಕಳಿಸಿರಲಿಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಮ್ಮ ತಟ್ಟೆಯಲ್ಲಿ ಉಪ್ಪಿಟ್ಟು ತಂದಿಟ್ಟಳು. ಹುಡುಗಿ ಅದನ್ನು ಮುಟ್ಟಲಿಲ್ಲ. ಅವಳ ಮಾವ ದೀಪಾವಳಿಯ ಆಚೆಗೆ ಇನ್ನೊಂದು ಸಲ ಬಂದ. ಆಮೇಲೆ ಅವರು ಬರುವುದನ್ನೇ ಬಿಟ್ಟರು.

ಚಿಕ್ಕಮ್ಮನಿಗೆ ಗಂಡು ಮಗುವಾಯಿತು. ಅವಳ ಕಾಗದಗಳಲ್ಲಿ ಅತ್ತೆಮ್ಮನ ವಿಷಯ ಕೊನೆಯ ಸಾಲಿಗೆ ಬರುತ್ತಿತ್ತು: ಜೊತೆ ಸಿಕ್ಕಿದಾಗ ಕಳಿಸ್ತೀವಿ. ಜೊತೆ ಸಿಗಲಿಲ್ಲ. ನಡುವೆ ಪಾಸ್‌ಪೋರ್ಟಿನ ವಾಯಿದೆ ಮುಗಿದಿತ್ತು. ಆಮೇಲೆ ಆ ಊರಿನಲ್ಲಿ ಸಿಂಹಳರಿಗೂ ತಮಿಳರಿಗೂ ಗಲಾಟೆ, ಕೊಲೆ. ಚಿಕ್ಕಪ್ಪನ ಅಂಗಡಿ ಬಾಗಿಲು ಹಾಕಿತ್ತು. ಆಮೇಲೆ ಚಿಕ್ಕಮ್ಮ ಮತ್ತೆ ಬಸುರಿಯಾದಳು. ಅಪ್ಪ ಒಂದು ದಿನ, "ಕಂಡೋರ ಮನೆ ಹೆಣ್ಣುಮಗಳನ್ನ ಹೀಗೆ ಇಟ್ಕೊಳ್ಳೋದು ಸರಿಯಲ್ಲ" ಎಂದರು. "ನನ್ನ ತಂಗಿ ಆ ಕಾಡಲ್ಲಿ ಒಬ್ಬಳೇ ಏನು ಮಾಡ್ತಾಳೆ?" ಎಂದು ಅಮ್ಮ ತಿರುಗಿಬಿದ್ದಳು. ಅಪ್ಪ ಆ ಮಾತು ಮತ್ತೆ ಎತ್ತಲಿಲ್ಲ. ನಮ್ಮ ಮನೆಗೆ ಉಪ್ಪಾರಹಳ್ಳಿಯಿಂದ ಬೇರೆ ಹೆಂಗಸು ಕೆಲಸಕ್ಕೆ ಬರತೊಡಗಿದಳು.

ಐದನೆಯ ವರ್ಷ ಚಿಕ್ಕಪ್ಪ ವ್ಯಾಪಾರ ಮುಗಿಸಿ ಸಂಸಾರ ಸಮೇತ ಕುಣಿಗಲ್ಲಿಗೆ ಬಂದುಬಿಟ್ಟರು. ಮಾರನೆಯ ದಿನ ಮಧ್ಯಾಹ್ನ ಅತ್ತೆಮ್ಮ ಒಬ್ಬಳೇ ಬಸ್ಸಿನಲ್ಲಿ ನಮ್ಮ ಮನೆಗೆ ಬಂದಳು. ಕೂದಲು ಬೆಳ್ಳಗಾಗಿತ್ತು. ಮಾತಿನ ಮಧ್ಯೆ ತಮಿಳು ನುಸುಳುತ್ತಿತ್ತು. ಅಮ್ಮ ಕೈ ಹಿಡಿದುಕೊಂಡು ಅತ್ತಳು. ಅವಳು ಅಳಲಿಲ್ಲ.

"ನನ್ ಮಗ್ಳು ಹೆಂಗವ್ಳೆ ಅಮ್ಮಾರೇ?"

ಅಮ್ಮ ಅಪ್ಪನ ಕಡೆ ನೋಡಿದಳು. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಪ್ಪ ಅವಳನ್ನು ಕರೆದುಕೊಂಡು ಹಾಗಲವಾಡಿಗೆ ಹೊರಟರು. ಹಟ ಮಾಡಿ ನಾನೂ ಹೋದೆ. ಅವಳ ತಮ್ಮ ಅಕ್ಕನನ್ನು ಕಂಡವನೇ ಜಗಲಿಯಿಂದ ಇಳಿದು ಬಂದ.

"ಎರಡು ವರ್ಷದ ಕೆಳ್ಗೆ ಮದ್ವೆ ಮಾಡ್ಬುಟ್ಟೋ ಕಣಕ್ಕ" ಎಂದ. "ಅವ್ವ ಸಮುದ್ರ ದಾಟಿ ಹೋದೋಳು ಬರ್ನೇ ಇಲ್ಲ ಅಂದ್ರೆ ಜನ ಏನೇನೋ ಅಂತಾರೆ. ಹೆಣ್ಣು ತಕಳಾಕೆ ಯಾರೂ ಒಪ್ನಿಲ್ಲ. ನೀನು ಸತ್ತೋದೆ ಅಂತ ಹೇಳ್ಬುಟ್ಟೋ."

ಅತ್ತೆಮ್ಮ ಜಗಲಿಯ ಅಂಚಿಗೆ ಕೂತಳು. ಆಮೇಲೆ, "ಯಾವೂರು?" ಎಂದು ಕೇಳಿದಳು. ಕುಣಿಗಲ್ಲಿನ ಪಕ್ಕದ ಒಂದು ಹಳ್ಳಿಯ ಹೆಸರು ಹೇಳಿದ. "ಹೆಸ್ರು ಎತ್ತಲ್ಲ. ಒಂದು ಕಿತ ನೋಡ್ಕಂಡು ಬರ್ತೀನಿ ಬುದ್ಧಿ" ಎಂದು ಅವಳು ಅಪ್ಪನನ್ನು ಬೇಡಿಕೊಂಡಳು.

ಎರಡು ದಿನ ಬಿಟ್ಟು ಅಪ್ಪ ಕೊಬ್ಬರಿ ವಿಚಾರಿಸುವ ನೆಪದಲ್ಲಿ ಆ ಹಳ್ಳಿಗೆ ನಮ್ಮನ್ನು ಕರೆದುಕೊಂಡು ಹೋದರು. ಆ ಮನೆಯ ಹಿರಿಯಳು, ಹುಡುಗಿಯ ಅತ್ತೆ, ಚಾಪೆ ಹಾಸಿ ಕೂರಿಸಿ ಸೊಸೆಗೆ ನೀರು ತರಲು ಹೇಳಿದಳು. ಹುಡುಗಿ ತುಂಬಿದ ಬಸುರಿ. ಅಪ್ಪನಿಗೆ ನೀರು ಕೊಟ್ಟಳು, ನನಗೆ ಕೊಟ್ಟಳು. ಮೂರನೆಯ ಚೊಂಬು ಚಾಚಿದವಳು ಹಾಗೇ ನಿಂತಳು. ನೀರು ಅವಳ ಕಾಲಿನ ಮೇಲೆ ಚೆಲ್ಲಿತು.

"ಈವಮ್ಮ ಯಾರು ಸ್ವಾಮಿ?" ಎಂದು ಆ ಹಿರಿಯಳು ಅಪ್ಪನನ್ನು ಕೇಳಿದಳು.

ಅತ್ತೆಮ್ಮನೇ, "ಇವ್ರ ಮನೆ ಕೆಲ್ಸದೋಳು ಕಣವ್ವ. ನಿಮ್ ಸೊಸೆ ತಾಯಿ ನಂಗೆ ಗೊತ್ತಿದ್ಲು" ಎಂದಳು.

"ಪುಣ್ಯಾತ್ಗಿತ್ತಿ, ಮದ್ವೆ ನೋಡಾಕೂ ಉಳೀನಿಲ್ಲ" ಎಂದಳು ಆಕೆ.

ನಾವು ಹೊರಟಾಗ ಹುಡುಗಿ ಕೊಡ ಹಿಡಿದುಕೊಂಡು ನೀರಿನ ನೆಪದಲ್ಲಿ ಬಾವಿಯವರೆಗೆ ಬಂದಳು. ಸುತ್ತ ನೋಡಿ, "ಯಾಕವ್ವ ಬರ್ನಿಲ್ಲ?" ಎಂದು ಕೇಳಿದಳು.

"ಕಳಿಸ್ನಿಲ್ಲ ಕಣವ್ವ."

ಅಪ್ಪ ಎರಡು ಹೆಜ್ಜೆ ಆಚೆಗೆ ನಿಂತಿದ್ದರು. ಹುಡುಗಿ ಅವರ ಕಡೆ ಒಂದು ಸಲ ನೋಡಿದಳು. ಅವ್ವನ ಕೆನ್ನೆ ಮುಟ್ಟಿ, "ಇಲ್ಲಿಗೆ ಮತ್ತೆ ಬರ್ಬ್ಯಾಡ. ಗೊತ್ತಾದ್ರೆ ನನ್ನ ಆಚೆಗೆ ಹಾಕ್ತಾರೆ" ಎಂದು ಹೇಳಿ ಕೊಡವನ್ನು ತುಂಬಿಸದೆಯೇ ತಿರುಗಿ ಹೋದಳು.

ನಮ್ಮ ಮನೆಯಲ್ಲೇ ಇರು ಎಂದು ಅಪ್ಪ ಬಸ್ಸಿನಲ್ಲಿ ಮತ್ತೆ ಮತ್ತೆ ಹೇಳಿದರು. "ಬ್ಯಾಡ ಬುಡಿ ಬುದ್ಧಿ" ಎಂದಳು. ತುಮಕೂರಿನಲ್ಲಿ ಇಳಿದು ನೇರ ಗುಬ್ಬಿ ಬಸ್ಸು ಹತ್ತಿದಳು.

ಆಮೇಲೆ ಅವಳು ತಮ್ಮನ ಮನೆಯಲ್ಲಿ ಕೂಲಿನಾಲಿ ಮಾಡಿಕೊಂಡಿದ್ದಳು. ಕೆಲವು ವರ್ಷ ಕಳೆದು, ನನ್ನ ಮದುವೆಗೆ ಮುಂಚೆ, ಒಂದು ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳು. ಅವಳ ತಮ್ಮ ಹೇಳಲು ಬಂದಾಗ ಎಲ್ಲ ಮುಗಿದು ವಾರವಾಗಿತ್ತು. ಮಗಳು ಬಂದಿದ್ದಳೇ ಎಂದು ಅಪ್ಪ ಕೇಳಿದರು.

"ಬಂದಿದ್ಲು ಬುದ್ಧಿ. ಮಾವನ ಮನೇಲಿ ಯಾರೋ ದೂರದ ನೆಂಟ್ರು ಹೋದ್ರು ಅಂತ ಅತ್ತೆಗೆ ಹೇಳಿ ಬಂದಿದ್ಲು. ಜೋರಾಗಿ ಅಳಂಗಿಲ್ವಲ್ಲ, ಎತ್ಕಂಡಿದ್ದ ಮಗೀನ ತನ್ ಬಾಯಿಗೆ ಒತ್ಕಂಡು ಕುಂತಿದ್ಲು."

ಅಮ್ಮ ಒಳಗಿನಿಂದ ಕಾಫಿ ತಂದಳು. ಅವನು ಕುಡಿಯದೆ ಎದ್ದು ಹೋದ.