ಗಾಳಿಗೆ ಎದುರೊತ್ತಿದ ಹೆಬ್ಬೆರಳು

ಮೊನ್ನೆ ದೋಸೆ ಕಾವಲಿಯಿಂದ ಎದ್ದ ಬಿಸಿಗಾಳಿಯೊಳಗಿಂದ ನೋಡಿದರೆ ಎದುರು ಗೋಡೆಯ ಕ್ಯಾಲೆಂಡರ್ ನಡುಗುತ್ತಿತ್ತು. ನೀವೂ ನೋಡಿರುತ್ತೀರಿ; ನನ್ನಷ್ಟು ಹೊತ್ತು ನಿಂತು ನೋಡಿರಲಾರಿರಿ. ದೋಸೆ ಸೀದ ವಾಸನೆ ಬರುವಷ್ಟರಲ್ಲಿ ನಾನು ಐವತ್ತರ ದಶಕಕ್ಕೆ ಹೋಗಿ, ಚನ್ನರಾಯಪಟ್ಟಣದ ಒಂದು ತಾರಸಿಯ ಮೇಲಿದ್ದೆ.

ತಾರಸಿ ಪದ್ಮರಾಜನದು. ಸ್ಕೂಲಿನಲ್ಲಿ ಅವನು ವಿಜ್ಞಾನದ ಮೇಷ್ಟ್ರು, ನಾನು ಕನ್ನಡದವನು. ಅಂದರೆ ಅವನು ಹೇಳಿದ್ದಕ್ಕೆಲ್ಲ ತಲೆದೂಗುವ ಹುದ್ದೆ ನನ್ನದು. ತಿಂಗಳುಗಟ್ಟಲೆ ಗಾಜು ಉಜ್ಜಿ ಕನ್ನಡಿ ಮಾಡಿ, ತಗಡಿನ ಕೊಳವೆಯಲ್ಲಿ ಕೂರಿಸಿ, ದೂರದರ್ಶಕ ಕಟ್ಟಿದ್ದ. ಮೊದಮೊದಲು ಅದರಲ್ಲಿ ಲೋಕ ತಲೆಕೆಳಗಾಗಿತ್ತು. ಇನ್ನೊಂದು ಮಸೂರ ಸೇರಿಸಿ ಲೋಕೋದ್ಧಾರ ಮಾಡಿದ.

ಅವನ ತಾಯಿಗೊಂದು ವ್ರತ. ವರ್ಷಕ್ಕೊಂದು ದಿನ ಉಪವಾಸವಿದ್ದು, ಬೆಳಗೊಳದ ಬೆಟ್ಟ ಹತ್ತಿ, ಗೊಮ್ಮಟನ ಮುಖ ನೋಡಿಯೇ ಊಟ. ಆ ವರ್ಷ ಮಂಡಿ ಒಪ್ಪಲಿಲ್ಲ. ಹೊತ್ತು ಮುಳುಗಿದ ಮೇಲೆ ಅವರು ಅನ್ನ ಮುಟ್ಟುವವರೂ ಅಲ್ಲ. ಮಧ್ಯಾಹ್ನವೇ ತಾರಸಿಗೆ ಕುರ್ಚಿ ಬಂತು. ದೂರದರ್ಶಕ ಬೆಟ್ಟದ ಕಡೆ ತಿರುಗಿತು.

ಅವ್ವ ಕಣ್ಣಿಟ್ಟವರೇ ಬೆಚ್ಚಿದರು. “ಇದೇನ್ಲಾ ಪದ್ಮ, ಸ್ವಾಮಿ ಅಲ್ಲಾಡ್ತಾವ್ನೆ! ಬಳ್ಳಿ ಅಬ್ಬುದ್ರೂ ಅಲ್ಲಾಡ್ದೆ ನಿಂತೋನು!”

“ಸ್ವಾಮಿ ಅಲ್ಲ ಕಣವ್ವ, ಬಿಸ್ಲಿಗೆ ಗಾಳಿ ಅಲ್ಲಾಡ್ತದೆ.”

“ಅಂಗಾದ್ರೆ ಗಾಳೀನ ನಿಲ್ಸು.”

ವಿಜ್ಞಾನಕ್ಕೆ ಇಷ್ಟು ನೇರವಾದ ಅರ್ಜಿ ಅದುವರೆಗೆ ಬಂದಿರಲಾರದು. ಗಾಳಿ ಬೆಳಕನ್ನು ಎತ್ತ ಬಗ್ಗಿಸುತ್ತದೋ ಅದಕ್ಕೆ ಎದುರಾಗಿ ಕನ್ನಡಿ ಬಗ್ಗಿದರೆ ಸರಿಹೋಗುತ್ತದೆ ಎಂದ ಪದ್ಮ. ನಾನು ತಲೆದೂಗಿದೆ. ಕೊಳವೆಯ ಹಿಂದೆ ಕೂತು, ಕನ್ನಡಿಯ ಬೆನ್ನನ್ನು ಹೆಬ್ಬೆರಳಿನಿಂದ ಒತ್ತತೊಡಗಿದ. “ಎಡಕ್ಕೋದ! ಬಲಕ್ಕೋದ!” ಎಂದು ಅವ್ವನ ಕೂಗು, ಕೂಗಿನ ಹಿಂದೆ ಬೆರಳು. ಬೆರಳು ಒತ್ತುವಷ್ಟರಲ್ಲಿ ಗಾಳಿ ಬೇರೆ ಕಡೆ. ಹೊತ್ತು ಇಳಿಯಿತು. ಕೆಳಗೆ ಅಡುಗೆಮನೆಯಲ್ಲಿ ಅನ್ನ ಆರುತ್ತಿತ್ತು.

“ಕೈ ತಗಿ ಮಗ,” ಎಂದರು ಕೊನೆಗೆ. “ಈಗ ಅಲ್ಲಾಡುಸ್ತಿರೋನು ನೀನೇಯ.”

ತೆಗೆದ. ಗಾಳಿ ಯಾವಾಗಲೋ ತಣಿದಿತ್ತು. ಅವ್ವ ನೋಡುತ್ತ ಕೂತರು. “ಹೊತ್ತು ಮುಳುಗ್ತದೆ, ಏಳವ್ವ, ಉಣ್ಣು” ಎಂದು ಪದ್ಮ ಎರಡು ಸಲ ಅಂದ. ಅವರು ಕಣ್ಣು ತೆಗೆದಾಗ ಸೂರ್ಯನಿರಲಿಲ್ಲ.

“ಊಟ ನಾಳೀಕಾಯ್ತದೆ ಬುಡು. ನಗ್ತಾವ್ನೆ ಕಣ್ಲಾ.”

ಪದ್ಮ ಮಾತ್ರ ಸೋತವನಂತೆ ಹೆಬ್ಬೆರಳು ನೋಡಿಕೊಂಡ. ಆಮೇಲೆ ಆ ಮಾತೇ ಎತ್ತಲಿಲ್ಲ.

ಈಗಿನ ದೊಡ್ಡ ದೂರದರ್ಶಕಗಳಲ್ಲಿ ಕನ್ನಡಿಯ ಬೆನ್ನಿಗೆ ಪುಟ್ಟ ಪುಟ್ಟ ಯಂತ್ರಗಳಿದ್ದು, ಗಾಳಿಯ ನಡುಕಕ್ಕೆ ಎದುರಾಗಿ ಸೆಕೆಂಡಿಗೆ ನೂರಾರು ಸಲ ಒತ್ತುತ್ತವಂತೆ. ನಕ್ಷತ್ರ ನಡುಗದೆ ನಿಲ್ಲುತ್ತದಂತೆ. ಓದಿ ಬಹಳ ದಿನವಾಗಿತ್ತು. ಪದ್ಮನಿಗೆ ಹೇಳೋಣವೆಂದರೆ ಅವನಿಲ್ಲ.

ಸೀದ ದೋಸೆ ತೆಗೆದು ಒಲೆ ಆರಿಸಿದೆ. ಕ್ಯಾಲೆಂಡರ್ ನಿಲ್ಲುವವರೆಗೂ ಕಾದೆ. ಆ ದಿನ ತಲೆದೂಗಿದ್ದು ಬರೀ ಸ್ನೇಹಕ್ಕೆ. ಮೊನ್ನೆ, ಒಬ್ಬನೇ ನಿಂತು, ಅರ್ಥವಾಗಿ ತಲೆದೂಗಿದೆ.